ಡೇವಿಡ್ ಲೀನ್

ಸರ್ ಡೇವಿಡ್ ಲೀನ್ (ಮಾರ್ಚ್ ೨೫, ೧೯೦೮ – ಏಪ್ರಿಲ್ ೧೬, ೧೯೯೧) ಇಂಗ್ಲೆಂಡಿನ ಚಲನಚಿತ್ರ ನಿರ್ದೇಶಕ, ಸಂಕಲನಕಾರ ಹಾಗೂ ಚಿತ್ರಕಥೆಗಾರ. ಇಪ್ಪತ್ತನೆಯ ಶತಮಾನದ ಪ್ರಮುಖ ನಿರ್ದೇಶಕರಲ್ಲಿ ಇವರನ್ನು ಎಣಿಸಲಾಗುತ್ತದೆ. ೧೯೪೨ರಿಂದ ೧೯೮೪ರವರೆಗೆ ಇವರು ನಿರ್ದೇಶಿಸಿದ ಕಥಾಚಿತ್ರಗಳು ಒಟ್ಟು ೧೬. 'ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್' (೧೯೫೭) ಮತ್ತು 'ಲಾರೆನ್ಸ್ ಆಫ್ ಅರೇಬಿಯಾ' (೧೯೬೨) ಚಿತ್ರಗಳಿಗಾಗಿ ಎರಡು ಬಾರಿ ಶ್ರೇಷ್ಠ ನಿರ್ದೇಶಕ ಆಸ್ಕರ್ ಪ್ರಶಸ್ತಿ ಪಡೆದರು.

ಕಥೆ ನಡೆಯುವ ಸ್ಥಳವನ್ನು ಕೇವಲ ಹಿನ್ನೆಲೆಯಾಗಿ ಬಳಸದೆ, ಅದನ್ನೂ ಒಂದು ಪಾತ್ರದಂತೆ ಬೆಳೆಸಿದ್ದು ಲೀನ್ ಅವರ ಚಿತ್ರಗಳ ಮುಖ್ಯ ಲಕ್ಷಣ. ವೆನಿಸ್ ನಗರ, ಐರ್ಲೆಂಡಿನ ಡಿಂಗಲ್ ಪರ್ಯಾಯದ್ವೀಪ, ಇಂಗ್ಲೆಂಡಿನ ಕಾರ್ನ್‌ಫೋರ್ತ್ ರೈಲು ನಿಲ್ದಾಣ ಮುಂತಾದ ಸ್ಥಳಗಳಿಗೆ ಇಂದಿಗೂ ಪ್ರವಾಸಿಗರು ಇವರ ಚಿತ್ರಗಳ ನೆನಪಿನಿಂದ ಹೋಗುತ್ತಾರೆ. ಇವರ ಕೊನೆಯ ಚಿತ್ರ 'ಎ ಪ್ಯಾಸೇಜ್ ಟು ಇಂಡಿಯಾ'ದ ಹೆಚ್ಚಿನ ಭಾಗ ಬೆಂಗಳೂರು ಮತ್ತು ರಾಮನಗರದ ಸುತ್ತಮುತ್ತ ಚಿತ್ರೀಕರಣಗೊಂಡಿತು.

ಜನನ ಮತ್ತು ಬಾಲ್ಯ

ಲೀನ್ ಅವರು ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ ಜನಿಸಿದರು. ತಂದೆ ಫ್ರಾನ್ಸಿಸ್ ಲೀನ್ ಲೆಕ್ಕಪರಿಶೋಧಕರು. ತಾಯಿ ಹೆಲೆನಾ ಟ್ಯಾಂಜಿ. ಕುಟುಂಬವು ಕ್ರೈಸ್ತ ಧರ್ಮದ ಕ್ವೇಕರ್ ಪಂಥಕ್ಕೆ ಸೇರಿತ್ತು. ಸರಳ ಜೀವನಕ್ಕೆ ಒತ್ತು ಕೊಡುವ ಈ ಪಂಥದ ಮನೆಗಳಲ್ಲಿ ಆಗ ಚಲನಚಿತ್ರ ನೋಡುವುದನ್ನು ಒಳ್ಳೆಯದೆಂದು ಪರಿಗಣಿಸುತ್ತಿರಲಿಲ್ಲ. ಹೀಗಾಗಿ ಬಾಲಕ ಲೀನ್‌ಗೆ ಚಿತ್ರಮಂದಿರ ನಿಷಿದ್ಧ ಸ್ಥಳವಾಗಿತ್ತು. ಬಾಲ್ಯದಲ್ಲಿ ಚಿಕ್ಕಪ್ಪನೊಬ್ಬರು ಉಡುಗೊರೆಯಾಗಿ ಕೊಟ್ಟ ಕೊಡ್ಯಾಕ್ ಬ್ರೌನಿ ಕ್ಯಾಮೆರಾ ಇವರ ಮೊದಲ ಹವ್ಯಾಸಕ್ಕೆ ಕಾರಣವಾಯಿತು. ಛಾಯಾಚಿತ್ರಗಳನ್ನು ತೆಗೆಯುವುದಷ್ಟೇ ಅಲ್ಲದೆ, ಅವುಗಳನ್ನು ಸಂಸ್ಕರಿಸಿ ಮುದ್ರಿಸುವುದನ್ನೂ ಕಲಿತರು.

ರೆಡಿಂಗ್ ಪಟ್ಟಣದ ಲೇಟನ್ ಪಾರ್ಕ್ ಎಂಬ ಕ್ವೇಕರ್ ಶಾಲೆಯಲ್ಲಿ ಇವರ ವಿದ್ಯಾಭ್ಯಾಸ ನಡೆಯಿತು. ಓದಿನಲ್ಲಿ ಹಿಂದುಳಿದಿದ್ದ ಲೀನ್ ಅವರನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಲಿಲ್ಲ. ತಮ್ಮ ಎಡ್ವರ್ಡ್ ಮಾತ್ರ ಆಕ್ಸ್‌ಫರ್ಡ್‌ನಲ್ಲಿ ಓದಿ ಮುಂದೆ ಲೇಖಕರಾದರು. ಲೀನ್ ಇನ್ನೂ ಹದಿಹರೆಯದಲ್ಲಿದ್ದಾಗ ತಂದೆ ಮನೆ ತೊರೆದು ಬೇರೆಯಾದರು. ಈ ಘಟನೆಯ ಗಾಯ ಅವರಲ್ಲಿ ಬಹುಕಾಲ ಉಳಿಯಿತೆಂದು ಜೀವನಚರಿತ್ರಕಾರರು ಅಭಿಪ್ರಾಯಪಡುತ್ತಾರೆ. ಶಾಲೆ ಮುಗಿದ ಬಳಿಕ ತಂದೆಯ ಲೆಕ್ಕಪರಿಶೋಧನಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರೂ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ಸಂಜೆಗಳನ್ನೆಲ್ಲ ಚಿತ್ರಮಂದಿರಗಳಲ್ಲಿ ಕಳೆಯುತ್ತಿದ್ದ ಇವರಿಗೆ, ಚಿತ್ರರಂಗವನ್ನೇ ಉದ್ಯೋಗವಾಗಿ ಆರಿಸಿಕೊಳ್ಳುವಂತೆ ಸೂಚಿಸಿದವರು ಸಂಬಂಧದಲ್ಲಿ ಅತ್ತೆಯಾಗಬೇಕಿದ್ದ ಒಬ್ಬ ಮಹಿಳೆ.

ಸಂಕಲನಕಾರರಾಗಿ

೧೯೨೭ರಲ್ಲಿ ಲೀನ್ ಲಂಡನ್ನಿನ ಗೋಮಾಂಟ್ ಸ್ಟುಡಿಯೋ ಸೇರಿದರು. ಚಹಾ ತಂದುಕೊಡುವ ಹುಡುಗನ ಕೆಲಸದಿಂದ ಆರಂಭಿಸಿ, ಕ್ಲ್ಯಾಪ್ ಹಲಗೆ ಹಿಡಿಯುವವನಾಗಿ, ಸಹಾಯಕ ನಿರ್ದೇಶಕನಾಗಿ ಹಂತಹಂತವಾಗಿ ಮೇಲೇರಿದರು. ೧೯೩೦ರ ಹೊತ್ತಿಗೆ ವಾರ್ತಾಚಿತ್ರಗಳ ಸಂಕಲನಕಾರರಾಗಿದ್ದರು. ವಾರ್ತಾಚಿತ್ರಗಳನ್ನು ಅತ್ಯಂತ ಕಡಿಮೆ ಸಮಯದಲ್ಲಿ ಸಿದ್ಧಪಡಿಸಬೇಕಾಗಿದ್ದರಿಂದ, ಯಾವ ದೃಶ್ಯ ಎಷ್ಟು ಹೊತ್ತು ಇರಬೇಕು, ಎಲ್ಲಿ ಕತ್ತರಿಸಬೇಕು ಎಂಬುದನ್ನು ತಡಮಾಡದೆ ನಿರ್ಧರಿಸುವ ಅಭ್ಯಾಸ ಇವರಿಗೆ ಇಲ್ಲಿ ದೊರೆಯಿತು. ನಂತರ 'ಪಿಗ್ಮೇಲಿಯನ್' (೧೯೩೮), '೪೯ತ್ ಪ್ಯಾರಲಲ್' (೧೯೪೧) ಮುಂತಾದ ಚಿತ್ರಗಳನ್ನು ಸಂಕಲಿಸಿ, ಬ್ರಿಟನ್ನಿನ ಶ್ರೇಷ್ಠ ಸಂಕಲನಕಾರರೆಂದು ಹೆಸರಾದರು. ನಿರ್ದೇಶಕರಾದ ಮೇಲೂ ಸಂಕಲನದ ಮೇಲಿನ ಹಿಡಿತವನ್ನು ಅವರು ಬಿಡಲಿಲ್ಲ. ಕೊನೆಯ ಚಿತ್ರಕ್ಕೆ ನಿರ್ದೇಶನ, ಚಿತ್ರಕಥೆಗಳ ಜೊತೆ ಸಂಕಲನವನ್ನೂ ತಾವೇ ಮಾಡಿದರು.

ಬ್ರಿಟಿಷ್ ಚಿತ್ರಗಳ ಕಾಲ

ನಾಟಕಕಾರ ನೋಯೆಲ್ ಕವರ್ಡ್ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ತಯಾರಿಸಿದ 'ಇನ್ ವಿಚ್ ವಿ ಸರ್ವ್' (೧೯೪೨) ಚಿತ್ರಕ್ಕೆ ಲೀನ್ ಸಹ ನಿರ್ದೇಶಕರಾದರು. ಬಳಿಕ ಕವರ್ಡ್ ಅವರ ಕೃತಿಗಳನ್ನು ಆಧರಿಸಿದ ಮೂರು ಚಿತ್ರಗಳನ್ನು ಸ್ವತಂತ್ರವಾಗಿ ನಿರ್ದೇಶಿಸಿದರು. ಅವುಗಳಲ್ಲಿ 'ಬ್ರೀಫ್ ಎನ್‌ಕೌಂಟರ್' (೧೯೪೫) ಅತ್ಯಂತ ಪ್ರಸಿದ್ಧ. ರೈಲು ನಿಲ್ದಾಣದಲ್ಲಿ ಆಕಸ್ಮಿಕವಾಗಿ ಭೇಟಿಯಾಗುವ ಗೃಹಿಣಿ ಮತ್ತು ವೈದ್ಯ, ಇಬ್ಬರೂ ವಿವಾಹಿತರು, ಪರಸ್ಪರ ಪ್ರೀತಿಸಿ ಕೊನೆಗೆ ಬೇರೆಯಾಗುವುದು ಇದರ ಕಥೆ. ೧೯೪೬ರ ಕಾನ್ ಚಲನಚಿತ್ರೋತ್ಸವದಲ್ಲಿ ಇದು ಇತರ ಕೆಲವು ಚಿತ್ರಗಳ ಜೊತೆ ಅತ್ಯುನ್ನತ ಪ್ರಶಸ್ತಿ ಹಂಚಿಕೊಂಡಿತು.

ನಿಲ್ದಾಣದ ದೃಶ್ಯಗಳನ್ನು ೧೯೪೫ರ ಆರಂಭದಲ್ಲಿ, ಯುದ್ಧ ಇನ್ನೂ ಮುಗಿಯದಿದ್ದಾಗ, ಉತ್ತರ ಇಂಗ್ಲೆಂಡಿನ ಕಾರ್ನ್‌ಫೋರ್ತ್‌ನಲ್ಲಿ ರಾತ್ರಿ ವೇಳೆ ಚಿತ್ರೀಕರಿಸಲಾಯಿತು. ಲಂಡನ್ನಿಂದ ದೂರವಿದ್ದ ಕಾರಣ ವೈಮಾನಿಕ ದಾಳಿಯ ಸೂಚನೆ ಬಂದರೆ ದೀಪಗಳನ್ನು ಆರಿಸಲು ಸಾಕಷ್ಟು ಸಮಯ ಸಿಗುತ್ತಿತ್ತು ಎಂಬುದು ಈ ಆಯ್ಕೆಗೆ ಕಾರಣ. ಇಂದು ಆ ನಿಲ್ದಾಣದಲ್ಲಿ ಚಿತ್ರದ ನೆನಪಿಗೆ ಮೀಸಲಾದ ಪರಂಪರೆ ಕೇಂದ್ರವಿದೆ. ಚಿತ್ರದಲ್ಲಿ ಕಾಣುವ ದೊಡ್ಡ ಗಡಿಯಾರ ಪ್ರವಾಸಿಗರ ಆಕರ್ಷಣೆಯಾಗಿದೆ. ಪ್ರೇಮಿಗಳು ಕುಳಿತುಕೊಳ್ಳುವ ಉಪಾಹಾರ ಕೊಠಡಿ ಮಾತ್ರ ಚಿತ್ರೀಕರಣದ ವೇಳೆ ಸ್ಟುಡಿಯೋದಲ್ಲಿ ನಿರ್ಮಿಸಿದ ಸೆಟ್ ಆಗಿತ್ತು. ಪ್ರವಾಸಿಗರಿಗಾಗಿ ನಿಲ್ದಾಣದ ಕೊಠಡಿಯನ್ನೇ ಚಿತ್ರದಲ್ಲಿದ್ದಂತೆ ಮರುರೂಪಿಸಲಾಗಿದೆ.

ಚಾರ್ಲ್ಸ್ ಡಿಕನ್ಸ್ ಕಾದಂಬರಿಗಳನ್ನು ಆಧರಿಸಿದ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' (೧೯೪೬) ಮತ್ತು 'ಆಲಿವರ್ ಟ್ವಿಸ್ಟ್' (೧೯೪೮) ಲೀನ್ ಅವರ ಕೀರ್ತಿಯನ್ನು ಹೆಚ್ಚಿಸಿದವು. 'ಆಲಿವರ್ ಟ್ವಿಸ್ಟ್'ನಲ್ಲಿ ಫೇಗಿನ್ ಪಾತ್ರವನ್ನು ತೋರಿಸಿದ ಬಗೆ ಯಹೂದಿಗಳನ್ನು ಹೀಯಾಳಿಸುವಂತಿದೆ ಎಂಬ ಆಕ್ಷೇಪ ಬಂದಿತು. ಇದರಿಂದಾಗಿ ಅಮೆರಿಕದಲ್ಲಿ ಚಿತ್ರದ ಬಿಡುಗಡೆ ೧೯೫೧ರವರೆಗೆ ತಡವಾಯಿತು. ಕೆಲವು ಭಾಗಗಳನ್ನೂ ಕತ್ತರಿಸಲಾಯಿತು. 'ದಿ ಪ್ಯಾಶನೇಟ್ ಫ್ರೆಂಡ್ಸ್' (೧೯೪೯) ಚಿತ್ರದ ಕೆಲವು ದೃಶ್ಯಗಳಿಗಾಗಿ ಲೀನ್ ಫ್ರಾನ್ಸಿನ ಆಲ್ಪ್ಸ್ ಪರ್ವತ ಪ್ರದೇಶಕ್ಕೂ ಅನೆಸಿ ಸರೋವರಕ್ಕೂ ತೆರಳಿದರು. 'ಹಾಬ್ಸನ್ಸ್ ಚಾಯ್ಸ್' (೧೯೫೪) ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಪಡೆಯಿತು.

ವೆನಿಸ್ ಮತ್ತು 'ಸಮರ್‌ಟೈಮ್'

ಲೀನ್ ಅವರ ವೃತ್ತಿಜೀವನದ ತಿರುವು 'ಸಮರ್‌ಟೈಮ್' (೧೯೫೫). ಆರ್ಥರ್ ಲಾರೆಂಟ್ಸ್ ಬರೆದ ನಾಟಕವನ್ನು ಆಧರಿಸಿದ ಈ ಚಿತ್ರ ಬ್ರಿಟನ್ನಿನಲ್ಲಿ 'ಸಮರ್ ಮ್ಯಾಡ್‌ನೆಸ್' ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಅಮೆರಿಕದ ಒಹಾಯೊ ರಾಜ್ಯದ ಅವಿವಾಹಿತ ಕಾರ್ಯದರ್ಶಿ ಜೇನ್ ಹಡ್ಸನ್ ವರ್ಷಗಳಿಂದ ಹಣ ಉಳಿಸಿ ವೆನಿಸ್‌ಗೆ ಪ್ರವಾಸ ಬರುತ್ತಾಳೆ. ಅಲ್ಲಿ ಪ್ರಾಚೀನ ವಸ್ತುಗಳ ವ್ಯಾಪಾರಿಯೊಬ್ಬನನ್ನು ಪ್ರೀತಿಸುತ್ತಾಳೆ. ಅವನು ವಿವಾಹಿತನೆಂದು ತಿಳಿದ ಮೇಲೂ ಕೆಲವು ದಿನ ಉಳಿದು, ಕೊನೆಗೆ ತಾನಾಗಿಯೇ ರೈಲು ಹತ್ತಿ ಹೊರಟುಹೋಗುತ್ತಾಳೆ. ಕ್ಯಾಥರಿನ್ ಹೆಪ್‌ಬರ್ನ್ ಮತ್ತು ಇಟಲಿಯ ನಟ ರೊಸಾನೊ ಬ್ರಾಟ್ಸಿ ಮುಖ್ಯ ಪಾತ್ರಗಳಲ್ಲಿದ್ದರು.

ಸ್ಟುಡಿಯೋದಲ್ಲಿ ವಿದೇಶಿ ನಗರಗಳ ಸೆಟ್ ಹಾಕುವುದು ಸಾಮಾನ್ಯವಾಗಿದ್ದ ಆ ಕಾಲದಲ್ಲಿ ಲೀನ್ ೧೯೫೪ರ ಬೇಸಿಗೆಯಲ್ಲಿ ಇಡೀ ತಂಡದೊಂದಿಗೆ ವೆನಿಸ್‌ಗೆ ಹೋದರು. ಪ್ರವಾಸಿಗರಿಂದ ತುಂಬಿರುವ ಋತುವಿನಲ್ಲಿ ಚಿತ್ರೀಕರಣ ನಡೆದರೆ ತಮ್ಮ ಸಂಪಾದನೆ ಕುಸಿಯಬಹುದೆಂದು ಗೊಂಡೋಲಾ ದೋಣಿಯವರು ಆತಂಕಗೊಂಡರು. ಸೇಂಟ್ ಮಾರ್ಕ್ಸ್ ಬೆಸಿಲಿಕಾದ ಜೀರ್ಣೋದ್ಧಾರಕ್ಕೆ ನಿರ್ಮಾಣ ಸಂಸ್ಥೆ ದೇಣಿಗೆ ನೀಡಿತು. ಛಾಯಾಗ್ರಾಹಕ ಜ್ಯಾಕ್ ಹಿಲ್ಡ್‌ಯಾರ್ಡ್ ಅವರು ಚೌಕಗಳು, ಕಿರಿದಾದ ಗಲ್ಲಿಗಳು, ಸೇತುವೆಗಳು, ನೀರಿನ ಮೇಲೆ ಬದಲಾಗುವ ಬೆಳಕು ಇವೆಲ್ಲವನ್ನೂ ವರ್ಣದಲ್ಲಿ ಸೆರೆಹಿಡಿದರು.

ಸಾನ್ ಬರ್ನಬಾ ಚೌಕದ ಬಳಿ ಛಾಯಾಚಿತ್ರ ತೆಗೆಯುತ್ತ ಹಿಂದೆ ಸರಿಯುವ ನಾಯಕಿ ಕಾಲುವೆಗೆ ಬೀಳುವ ದೃಶ್ಯವಿದೆ. ಹೆಪ್‌ಬರ್ನ್ ಬದಲಿ ನಟಿಯನ್ನು ಬಳಸದೆ ತಾವೇ ಆ ಕಲುಷಿತ ನೀರಿಗೆ ಬಿದ್ದರು. ಅದರಿಂದ ತಗುಲಿದ ಕಣ್ಣಿನ ಸೋಂಕು ಅವರನ್ನು ಬಹುಕಾಲ ಬಾಧಿಸಿತು. ಒಂಟಿ ಪ್ರವಾಸಿಗಳ ಅನುಭವವನ್ನು ಈ ಚಿತ್ರ ಮುಚ್ಚಿಡುವುದಿಲ್ಲ. ಸುತ್ತಲೂ ಜೋಡಿಗಳೇ ಕುಳಿತಿರುವ ಹೋಟೆಲಿನಲ್ಲಿ ಒಬ್ಬಳೇ ಕುಳಿತ ನಾಯಕಿ, ಯಾರಿಗೋ ಕಾಯುತ್ತಿರುವಂತೆ ಎದುರಿನ ಕುರ್ಚಿಯನ್ನು ಓರೆಯಾಗಿಸುವ ದೃಶ್ಯ ಇದಕ್ಕೆ ಉದಾಹರಣೆ. ನಗರದ ಸೌಂದರ್ಯ ಅವಳ ಒಂಟಿತನವನ್ನು ಕಡಿಮೆ ಮಾಡದೆ ಮತ್ತಷ್ಟು ಎದ್ದು ಕಾಣಿಸುತ್ತದೆ. ಲೀನ್ ಹಾಗೂ ಹೆಪ್‌ಬರ್ನ್ ಇಬ್ಬರೂ ಈ ಚಿತ್ರಕ್ಕಾಗಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ವೆನಿಸ್ ಬಗ್ಗೆ ಅಮೆರಿಕ ಮತ್ತು ಬ್ರಿಟನ್ ಪ್ರೇಕ್ಷಕರಲ್ಲಿ ಹೊಸ ಕುತೂಹಲ ಹುಟ್ಟಿಸಿದ ಚಿತ್ರಗಳಲ್ಲಿ ಇದೂ ಒಂದು. ಇದಾದ ಮೇಲೆ ಲೀನ್ ಬ್ರಿಟನ್ನಿನ ಸ್ಟುಡಿಯೋ ಚಿತ್ರಗಳಿಗೆ ಮರಳಲಿಲ್ಲ.

ಬೃಹತ್ ಚಿತ್ರಗಳು

'ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್' ಚಿತ್ರವನ್ನು ಅಂದಿನ ಸಿಲೋನಿನ (ಈಗಿನ ಶ್ರೀಲಂಕಾ) ಕಿತುಲ್‌ಗಲದಲ್ಲಿ, ಕೆಳನಿ ನದಿಯ ದಂಡೆಯಲ್ಲಿ ತಯಾರಿಸಲಾಯಿತು. ಇದಕ್ಕೆ ಏಳು ಆಸ್ಕರ್ ಪ್ರಶಸ್ತಿಗಳು ಲಭಿಸಿದವು. ಚಿತ್ರ ನೋಡಿದ ಪ್ರವಾಸಿಗರು ಥಾಯ್ಲೆಂಡಿನಲ್ಲಿ ನಿಜವಾದ ಸೇತುವೆಯನ್ನು ಹುಡುಕಿಕೊಂಡು ಬರತೊಡಗಿದರು. ಆದರೆ ಯುದ್ಧಕೈದಿಗಳು ಕಟ್ಟಿದ ಸೇತುವೆ ಇದ್ದದ್ದು ಮೇ ಕ್ಲಾಂಗ್ ನದಿಯ ಮೇಲೆ. ಕೊನೆಗೆ ಆ ಭಾಗದ ನದಿಗೇ ಖ್ವೇ ಯಾಯ್ ಎಂದು ಮರುನಾಮಕರಣ ಮಾಡಲಾಯಿತು.

೧೯೫೦ರ ದಶಕದ ಕೊನೆಯಲ್ಲಿ ಲೀನ್ ಮಹಾತ್ಮ ಗಾಂಧಿಯವರ ಕುರಿತು ಚಿತ್ರ ಮಾಡಲು ಯೋಚಿಸಿ ಭಾರತದಲ್ಲಿ ಅಧ್ಯಯನ ನಡೆಸಿದ್ದರು. ಆ ಯೋಜನೆಯನ್ನು ಕೈಬಿಟ್ಟು 'ಲಾರೆನ್ಸ್ ಆಫ್ ಅರೇಬಿಯಾ' ಕೈಗೆತ್ತಿಕೊಂಡರು. ಜೋರ್ಡಾನಿನ ವಾದಿ ರಮ್ ಮರುಭೂಮಿಯ ನಂತರ ಚಿತ್ರತಂಡ ಸ್ಪೇನ್ ಮತ್ತು ಮೊರೊಕ್ಕೊ ದೇಶಗಳಿಗೆ ಸ್ಥಳಾಂತರಗೊಂಡಿತು. ಸ್ಪೇನಿನ ಸೆವಿಲ್ ನಗರದ ಪ್ಲಾಸಾ ದೆ ಎಸ್ಪಾನ್ಯಾ ಕಟ್ಟಡವನ್ನು ಕೈರೋದ ಬ್ರಿಟಿಷ್ ಸೇನಾ ಕೇಂದ್ರವಾಗಿ ತೋರಿಸಲಾಯಿತು. ಅಕಬಾ ಪಟ್ಟಣದ ಸೆಟ್ಟನ್ನು ಅಲ್ಮೇರಿಯಾ ಪ್ರಾಂತ್ಯದ ಕಡಲತೀರದಲ್ಲಿ ನಿರ್ಮಿಸಲಾಯಿತು. ಈ ಚಿತ್ರವೂ ಏಳು ಆಸ್ಕರ್ ಪಡೆಯಿತು. ಚಿತ್ರಕಥೆಗಾರ ರಾಬರ್ಟ್ ಬೋಲ್ಟ್, ಛಾಯಾಗ್ರಾಹಕ ಫ್ರೆಡ್ಡಿ ಯಂಗ್, ಸಂಗೀತ ಸಂಯೋಜಕ ಮೌರಿಸ್ ಜಾರ್ ಅವರೊಂದಿಗಿನ ಲೀನ್ ಅವರ ದೀರ್ಘ ಒಡನಾಟ ಇಲ್ಲಿಂದ ಗಟ್ಟಿಯಾಯಿತು.

ಬೋರಿಸ್ ಪಾಸ್ಟರ್ನಾಕ್ ಅವರ ಕಾದಂಬರಿ ಸೋವಿಯತ್ ಒಕ್ಕೂಟದಲ್ಲಿ ನಿಷೇಧಕ್ಕೊಳಗಾಗಿದ್ದ ಕಾರಣ 'ಡಾಕ್ಟರ್ ಜಿವಾಗೊ' (೧೯೬೫) ಚಿತ್ರವನ್ನು ರಷ್ಯಾದಲ್ಲಿ ತೆಗೆಯುವುದು ಸಾಧ್ಯವಿರಲಿಲ್ಲ. ಮಾಸ್ಕೋದ ಬೀದಿಗಳನ್ನು ಸ್ಪೇನಿನ ಮ್ಯಾಡ್ರಿಡ್ ನಗರದ ಅಂಚಿನಲ್ಲಿ ನಿರ್ಮಿಸಲಾಯಿತು. ಸೋರಿಯಾ ಪ್ರಾಂತ್ಯದ ಬಯಲುಗಳು ರಷ್ಯಾದ ಗ್ರಾಮಾಂತರವಾದವು. ಆ ವರ್ಷ ಸ್ಪೇನಿನಲ್ಲಿ ಚಳಿಗಾಲ ಸೌಮ್ಯವಾಗಿದ್ದುದರಿಂದ ಹಲವು ಕಡೆ ಹಿಮದ ಬದಲು ಅಮೃತಶಿಲೆಯ ಪುಡಿ ಹರಡಬೇಕಾಯಿತು. ಮಂಜುಗಡ್ಡೆಯಿಂದ ಮುಚ್ಚಿದ ಮನೆಯ ಒಳಾಂಗಣಕ್ಕೆ ಮೇಣವನ್ನು ಬಳಸಲಾಯಿತು. ನಿಜವಾದ ಹಿಮದ ಕೆಲವು ರೈಲು ದೃಶ್ಯಗಳಿಗಾಗಿ ತಂಡ ಫಿನ್ಲೆಂಡಿಗೆ ಹೋಯಿತು. ಹೀಗೆ ರಷ್ಯಾದ ಸೌಂದರ್ಯವೆಂದು ಪ್ರೇಕ್ಷಕರು ಮೆಚ್ಚಿದ್ದು ಬಹುಪಾಲು ಸ್ಪೇನಿನ ನೆಲವಾಗಿತ್ತು. ವಿಮರ್ಶಕರ ಅಭಿಪ್ರಾಯ ಮಿಶ್ರವಾಗಿದ್ದರೂ ಚಿತ್ರ ಭಾರಿ ಗಳಿಕೆ ಕಂಡು ಐದು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು.

'ರಯಾನ್ಸ್ ಡಾಟರ್' ಮತ್ತು ಹದಿನಾಲ್ಕು ವರ್ಷಗಳ ಮೌನ

ಐರ್ಲೆಂಡಿನ ಪಶ್ಚಿಮ ತುದಿಯಲ್ಲಿರುವ ಕೆರ್ರಿ ಕೌಂಟಿಯ ಡಿಂಗಲ್ ಪರ್ಯಾಯದ್ವೀಪದಲ್ಲಿ 'ರಯಾನ್ಸ್ ಡಾಟರ್' (೧೯೭೦) ಚಿತ್ರೀಕರಣಗೊಂಡಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಐರಿಷ್ ಸ್ವಾತಂತ್ರ್ಯ ಹೋರಾಟದ ಹಿನ್ನೆಲೆಯಲ್ಲಿ, ವಿವಾಹಿತ ಐರಿಷ್ ಯುವತಿ ಮತ್ತು ಬ್ರಿಟಿಷ್ ಸೇನಾಧಿಕಾರಿಯ ನಡುವಿನ ಪ್ರೇಮ ಇದರ ವಸ್ತು. ಕಿರ್ರರಿ ಎಂಬ ಕಾಲ್ಪನಿಕ ಹಳ್ಳಿಯನ್ನು ಕಲ್ಲಿನಿಂದಲೇ ಕಟ್ಟಲಾಯಿತು. ಹವಾಮಾನ ಪದೇ ಪದೇ ಬದಲಾಗುತ್ತಿದ್ದ ಕಾರಣ ಚಿತ್ರೀಕರಣ ಒಂದು ವರ್ಷಕ್ಕೂ ಹೆಚ್ಚು ಕಾಲ ಎಳೆಯಿತು. ಬೇಕಾದ ಬಗೆಯ ಬಿರುಗಾಳಿಗಾಗಿ ಲೀನ್ ತಿಂಗಳುಗಟ್ಟಲೆ ಕಾದರು. ಕೆಲವು ಕಡಲತೀರದ ದೃಶ್ಯಗಳನ್ನು ಬಿಸಿಲಿಗಾಗಿ ದಕ್ಷಿಣ ಆಫ್ರಿಕಾದಲ್ಲಿ ತೆಗೆಯಬೇಕಾಯಿತು.

ಫ್ರೆಡ್ಡಿ ಯಂಗ್ ಅವರ ಛಾಯಾಗ್ರಹಣಕ್ಕೂ ಜಾನ್ ಮಿಲ್ಸ್ ಅವರ ಪೋಷಕ ಪಾತ್ರಕ್ಕೂ ಆಸ್ಕರ್ ಬಂದಿತು. ಆದರೆ ವಿಮರ್ಶಕರು ಚಿತ್ರವನ್ನು ಕಟುವಾಗಿ ಟೀಕಿಸಿದರು. ಸಣ್ಣ ಪ್ರೇಮಕಥೆಯೊಂದನ್ನು ಬೃಹತ್ ನಿಸರ್ಗ ದೃಶ್ಯಗಳ ಭಾರದಲ್ಲಿ ಮುಳುಗಿಸಲಾಗಿದೆ ಎಂಬುದು ಮುಖ್ಯ ಆಕ್ಷೇಪ. ನ್ಯೂಯಾರ್ಕಿನ ಅಲ್ಗಾಂಕ್ವಿನ್ ಹೋಟೆಲಿನಲ್ಲಿ ಅಲ್ಲಿನ ಪ್ರಮುಖ ವಿಮರ್ಶಕರು ಲೀನ್ ಅವರನ್ನು ಆಹ್ವಾನಿಸಿ, ಎದುರಿನಲ್ಲೇ ಚಿತ್ರವನ್ನು ಖಂಡಿಸಿದರು. ಈ ಸಭೆ ಲೀನ್ ಅವರ ಆತ್ಮವಿಶ್ವಾಸವನ್ನು ಕುಗ್ಗಿಸಿತು. ಮುಂದಿನ ಕಥಾಚಿತ್ರ ಬರಲು ಹದಿನಾಲ್ಕು ವರ್ಷಗಳು ಬೇಕಾದವು. ಈ ನಡುವೆ 'ಬೌಂಟಿ' ಹಡಗಿನ ದಂಗೆಯ ಕುರಿತು ರಾಬರ್ಟ್ ಬೋಲ್ಟ್ ಜೊತೆ ಸಿದ್ಧಪಡಿಸಿದ ಯೋಜನೆ ಹಣದ ಅಡಚಣೆಯಿಂದಾಗಿ ಅವರ ಕೈತಪ್ಪಿತು. ೧೯೭೯ರಲ್ಲಿ ಕ್ಯಾಪ್ಟನ್ ಕುಕ್‌ನ ಲಂಗರಿನ ಶೋಧನೆಯ ಬಗ್ಗೆ ನ್ಯೂಜಿಲೆಂಡ್ ದೂರದರ್ಶನಕ್ಕಾಗಿ ಮಾಡಿದ ಸಾಕ್ಷ್ಯಚಿತ್ರವೊಂದೇ ಆ ಅವಧಿಯಲ್ಲಿ ಪೂರ್ಣಗೊಂಡ ಕೆಲಸ.

ಯಾವ ನಿಸರ್ಗ ದೃಶ್ಯಗಳು ಅತಿಯಾದವೆಂದು ವಿಮರ್ಶಕರು ಹೇಳಿದರೋ ಅವೇ ಡಿಂಗಲ್ ಪ್ರದೇಶಕ್ಕೆ ವರವಾದವು. ಬಡತನ ಮತ್ತು ವಲಸೆಯಿಂದ ಸೊರಗಿದ್ದ ಆ ಭಾಗದಲ್ಲಿ ಚಿತ್ರೀಕರಣದ ಕಾಲಕ್ಕೆ ಸ್ಥಳೀಯರಿಗೆ ಕೆಲಸ ದೊರೆಯಿತು. ಚಿತ್ರ ಬಿಡುಗಡೆಯಾದ ಬಳಿಕ ಪ್ರವಾಸಿಗರು ಬರತೊಡಗಿದರು. ಕಿರ್ರರಿ ಹಳ್ಳಿಯನ್ನು ಚಿತ್ರೀಕರಣದ ನಂತರ ಕೆಡವಲಾಯಿತು. ಚಿತ್ರಕ್ಕಾಗಿ ಕಟ್ಟಿದ ಶಾಲಾಮನೆಯ ಅವಶೇಷ ಮಾತ್ರ ಕಡಲ ಬದಿಯಲ್ಲಿ ಉಳಿದಿದೆ.

ಕರ್ನಾಟಕದ ನಂಟು

ಇ. ಎಂ. ಫಾರ್ಸ್ಟರ್ ಅವರ ಕಾದಂಬರಿಯನ್ನು ಆಧರಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' (೧೯೮೪) ಲೀನ್ ಅವರ ಕೊನೆಯ ಚಿತ್ರ. ಕಾದಂಬರಿಯ ಮರಬಾರ್ ಗುಹೆಗಳಿಗೆ ಬಿಹಾರದ ಬರಾಬರ್ ಗುಹೆಗಳು ಪ್ರೇರಣೆ. ಆದರೆ ಅವು ತೆರೆಯ ಮೇಲೆ ಪರಿಣಾಮಕಾರಿಯಾಗಿ ಕಾಣಲಾರವು ಎಂದು ಭಾವಿಸಿದ ಲೀನ್, ಮಾಗಡಿ ಸಮೀಪದ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟದ ಬಂಡೆಗಳನ್ನು ಆರಿಸಿಕೊಂಡರು. ರಾಮದೇವರ ಬೆಟ್ಟ ಅದಕ್ಕೂ ಮುಂಚೆ 'ಶೋಲೆ' (೧೯೭೫) ಹಿಂದಿ ಚಿತ್ರದಿಂದ ಹೆಸರಾಗಿತ್ತು. ಕಥೆಯ ಚಂದ್ರಾಪುರ ಪಟ್ಟಣದ ಪೇಟೆಯನ್ನು ಬೆಂಗಳೂರು ಅರಮನೆಯ ಮೈದಾನದಲ್ಲಿ ನಿರ್ಮಿಸಲಾಯಿತು. ರೈಲು ಪ್ರಯಾಣದ ದೃಶ್ಯಗಳಿಗೆ ನೀಲಗಿರಿ ಬೆಟ್ಟದ ರೈಲನ್ನೂ ಅಂತಿಮ ದೃಶ್ಯಗಳಿಗೆ ಕಾಶ್ಮೀರದ ಶ್ರೀನಗರವನ್ನೂ ಬಳಸಿಕೊಂಡರು.

ವಿಕ್ಟರ್ ಬ್ಯಾನರ್ಜಿ, ಜೂಡಿ ಡೇವಿಸ್, ಪೆಗಿ ಆಶ್‌ಕ್ರಾಫ್ಟ್, ಅಲೆಕ್ ಗಿನ್ನೆಸ್, ರೋಶನ್ ಸೇಠ್, ಸಯೀದ್ ಜಾಫ್ರಿ ಮೊದಲಾದವರು ನಟಿಸಿದ ಈ ಚಿತ್ರಕ್ಕೆ ೧೧ ಆಸ್ಕರ್ ನಾಮನಿರ್ದೇಶನಗಳು ದೊರೆತವು. ಆಶ್‌ಕ್ರಾಫ್ಟ್ ಪೋಷಕ ನಟಿ ಪ್ರಶಸ್ತಿಯನ್ನೂ ಮೌರಿಸ್ ಜಾರ್ ಸಂಗೀತ ಪ್ರಶಸ್ತಿಯನ್ನೂ ಪಡೆದರು. ಬ್ರಾಹ್ಮಣ ಪ್ರಾಧ್ಯಾಪಕ ಗೋಡ್ಬೋಲೆ ಪಾತ್ರವನ್ನು ಇಂಗ್ಲಿಷ್ ನಟ ಗಿನ್ನೆಸ್ ಅವರಿಗೆ ವಹಿಸಿದ್ದು ಟೀಕೆಗೆ ಗುರಿಯಾಯಿತು. ಅದೇನೇ ಇದ್ದರೂ ೭೬ನೆಯ ವಯಸ್ಸಿನಲ್ಲಿ ಲೀನ್ ತಮ್ಮ ಸ್ಥಾನವನ್ನು ಮರಳಿ ಪಡೆದರು.

ವೈಯಕ್ತಿಕ ಜೀವನ ಮತ್ತು ನಿಧನ

ಲೀನ್ ಆರು ಬಾರಿ ವಿವಾಹವಾದರು. ನಟಿಯರಾದ ಕೇ ವಾಲ್ಶ್ ಮತ್ತು ಆ್ಯನ್ ಟಾಡ್ ಅವರ ಪತ್ನಿಯರಲ್ಲಿ ಸೇರಿದ್ದರು. ನಾಲ್ಕನೆಯ ಪತ್ನಿ ಲೀಲಾ ಮಾಟ್ಕರ್ ಹೈದರಾಬಾದಿನವರು. ಮೊದಲ ವಿವಾಹದಿಂದ ಒಬ್ಬ ಮಗನಿದ್ದನು. ೧೯೮೪ರಲ್ಲಿ ಇವರಿಗೆ 'ಸರ್' ಪದವಿ ದೊರೆಯಿತು. ೧೯೮೯ರಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಚಿತ್ರದ ಮರುಸಂಸ್ಕರಿಸಿದ ಪ್ರತಿಯನ್ನು ಸಿದ್ಧಪಡಿಸುವಲ್ಲಿ ಸ್ವತಃ ಭಾಗವಹಿಸಿದರು. ೧೯೯೦ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿತು. ಜೋಸೆಫ್ ಕಾನ್ರಾಡ್ ಅವರ 'ನಾಸ್ಟ್ರೋಮೊ' ಕಾದಂಬರಿಯನ್ನು ಚಿತ್ರವಾಗಿಸುವ ಸಿದ್ಧತೆ ನಡೆದಿದ್ದಾಗಲೇ ಆರೋಗ್ಯ ಕೆಟ್ಟು, ೧೯೯೧ರ ಏಪ್ರಿಲ್ ೧೬ರಂದು ಲಂಡನ್ನಿನಲ್ಲಿ ನಿಧನರಾದರು.

ಪ್ರಭಾವ

ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ೧೯೯೯ರಲ್ಲಿ ಪ್ರಕಟಿಸಿದ ೧೦೦ ಶ್ರೇಷ್ಠ ಬ್ರಿಟಿಷ್ ಚಿತ್ರಗಳ ಪಟ್ಟಿಯಲ್ಲಿ ಲೀನ್ ನಿರ್ದೇಶಿಸಿದ ಏಳು ಚಿತ್ರಗಳಿವೆ. 'ಬ್ರೀಫ್ ಎನ್‌ಕೌಂಟರ್', 'ಲಾರೆನ್ಸ್ ಆಫ್ ಅರೇಬಿಯಾ' ಮತ್ತು 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಮೊದಲ ಐದರೊಳಗೆ ಸ್ಥಾನ ಪಡೆದಿವೆ. ಸ್ಟೀವನ್ ಸ್ಪೀಲ್‌ಬರ್ಗ್ ಸೇರಿದಂತೆ ಹಲವು ನಿರ್ದೇಶಕರು ಲೀನ್ ಅವರಿಂದ ಪ್ರಭಾವಿತರಾದುದನ್ನು ಹೇಳಿಕೊಂಡಿದ್ದಾರೆ. ಆರಂಭದ ಸಣ್ಣ ಚಿತ್ರಗಳು ಹೆಚ್ಚಿನವೋ ನಂತರದ ಬೃಹತ್ ಚಿತ್ರಗಳು ಹೆಚ್ಚಿನವೋ ಎಂಬ ಬಗ್ಗೆ ವಿಮರ್ಶಕರಲ್ಲಿ ಒಮ್ಮತವಿಲ್ಲ. ಎರಡೂ ಬಗೆಯ ಚಿತ್ರಗಳ ನಡುವೆ ನಿಲ್ಲುವ 'ಸಮರ್‌ಟೈಮ್' ತಮಗೆ ಅಚ್ಚುಮೆಚ್ಚಿನದೆಂದು ಲೀನ್ ಅವರೇ ತಿಳಿಸಿದ್ದರು.

ಪ್ರಮುಖ ಚಿತ್ರಗಳು ಮತ್ತು ಚಿತ್ರೀಕರಣದ ಸ್ಥಳಗಳು

- ಬ್ರೀಫ್ ಎನ್‌ಕೌಂಟರ್ (೧೯೪೫) – ಕಾರ್ನ್‌ಫೋರ್ತ್, ಇಂಗ್ಲೆಂಡ್
- ದಿ ಪ್ಯಾಶನೇಟ್ ಫ್ರೆಂಡ್ಸ್ (೧೯೪೯) – ಇಂಗ್ಲೆಂಡ್. ಆಲ್ಪ್ಸ್ ಮತ್ತು ಅನೆಸಿ ಸರೋವರ, ಫ್ರಾನ್ಸ್
- ಸಮರ್‌ಟೈಮ್ (೧೯೫೫) – ವೆನಿಸ್, ಇಟಲಿ
- ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್ (೧೯೫೭) – ಕಿತುಲ್‌ಗಲ, ಶ್ರೀಲಂಕಾ
- ಲಾರೆನ್ಸ್ ಆಫ್ ಅರೇಬಿಯಾ (೧೯೬೨) – ವಾದಿ ರಮ್, ಜೋರ್ಡಾನ್, ಸೆವಿಲ್ ಮತ್ತು ಅಲ್ಮೇರಿಯಾ, ಸ್ಪೇನ್, ಮೊರೊಕ್ಕೊ
- ಡಾಕ್ಟರ್ ಜಿವಾಗೊ (೧೯೬೫) – ಮ್ಯಾಡ್ರಿಡ್ ಮತ್ತು ಸೋರಿಯಾ, ಸ್ಪೇನ್, ಫಿನ್ಲೆಂಡ್
- ರಯಾನ್ಸ್ ಡಾಟರ್ (೧೯೭೦) – ಡಿಂಗಲ್ ಪರ್ಯಾಯದ್ವೀಪ, ಐರ್ಲೆಂಡ್, ದಕ್ಷಿಣ ಆಫ್ರಿಕಾ
- ಎ ಪ್ಯಾಸೇಜ್ ಟು ಇಂಡಿಯಾ (೧೯೮೪) – ಬೆಂಗಳೂರು, ಸಾವನದುರ್ಗ, ರಾಮನಗರ, ನೀಲಗಿರಿ, ಶ್ರೀನಗರ